ಅಲ್ಟ್ರಾಸೌಂಡ್, ಅಯಸ್ಕಾಂತದಿಂದ ಕೊತ್ತಂಬರಿ ಬೀಜ ಬೇಗ ಮೊಳೆಯುತ್ತದೆಯೇ?

ಪ್ರಶ್ನೆ: ಸೋಮವಾರಪೇಟೆ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ಅಡುಗೆಮನೆಗೆಂದು ಹಿತ್ತಲಲ್ಲಿ ಕೊತ್ತಂಬರಿ, ಪಾರ್ಸ್ಲಿ, ಕಾಮಕಸ್ತೂರಿ ಬಿತ್ತುತ್ತೇವೆ. ಕಳೆದ ವರ್ಷ ಉಳಿಸಿಟ್ಟ ಬೀಜ ಈ ಸಲ ಕಾಲುಭಾಗವೂ ಮೇಲೆ ಬರಲಿಲ್ಲ. ಅಲ್ಟ್ರಾಸೌಂಡ್ ಅಥವಾ ಅಯಸ್ಕಾಂತದ ಉಪಚಾರ ಕೊಟ್ಟರೆ ಮೊಳೆಯುತ್ತದಂತೆ. ಯಂತ್ರ ತರಿಸಬಹುದೇ?

ಉತ್ತರ: ಸದ್ಯಕ್ಕೆ ತರಿಸಬೇಡಿ. ಜೀವ ಇರುವ ಬೀಜ ಈ ಉಪಚಾರದಿಂದ ಒಂದೆರಡು ದಿನ ಮೊದಲೇ ಮೊಳೆಯಬಹುದು, ಜೀವ ಹೋದ ಬೀಜ ಏನು ಮಾಡಿದರೂ ಏಳದು. ನಿಮ್ಮ ಬೀಜ ಎರಡನೆಯ ಜಾತಿಯದೆಂದೇ ನನ್ನ ಅನುಮಾನ.

ಅಲ್ಟ್ರಾಸೌಂಡ್ ಎಂದರೆ ನಮ್ಮ ಕಿವಿಗೆ ಕೇಳದ, 20 ಕಿಲೋಹರ್ಟ್ಸ್‌ಗಿಂತ ಮೇಲಿನ ಶಬ್ದ. ಕನ್ನಡಕದ ಅಂಗಡಿಯಲ್ಲಿ ಪುಟ್ಟ ಸ್ಟೀಲ್ ತೊಟ್ಟಿಯ ನೀರಿಗೆ ಕನ್ನಡಕ ಇಳಿಬಿಟ್ಟು ತೊಳೆಯುವುದನ್ನು ನೋಡಿರುತ್ತೀರಿ. ಅದೇ ವಿದ್ಯೆ ಇಲ್ಲಿಯೂ. ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಆ ಏಟಿಗೆ ಬೀಜದ ಸಿಪ್ಪೆಯಲ್ಲಿ ಕೂದಲೆಳೆಯಂಥ ಬಿರುಕು ಬಿದ್ದು ನೀರು ಬೇಗ ಒಳಗಿಳಿಯುತ್ತದೆ. ನಮ್ಮ ಏಲಕ್ಕಿ ನರ್ಸರಿಗಳಲ್ಲಿ ಬೀಜವನ್ನು ಆಮ್ಲದಲ್ಲಿ ಅದ್ದಿ ತೊಳೆಯುವುದೂ ಗಟ್ಟಿ ಸಿಪ್ಪೆಯನ್ನು ಸಡಿಲಿಸಲೆಂದೇ. ಆದರೆ ಹೊತ್ತು ಮೀರಿದರೆ ನೀರು ಬಿಸಿಯಾಗಿ ಒಳಗಿನ ಭ್ರೂಣಕ್ಕೇ ಪೆಟ್ಟು. ಕಾಮಕಸ್ತೂರಿಗಂತೂ ಇದು ಹೊಂದದು: ನೀರು ತಾಗಿದೊಡನೆ ಕಪ್ಪು ಕಾಳಿನ ಸುತ್ತ ಲೋಳೆ ಉಬ್ಬಿ ಎಲ್ಲ ಮುದ್ದೆಯಾಗುತ್ತದೆ, ಆಮೇಲೆ ಬಿಡಿಸಿ ಬಿತ್ತುವವರು ಯಾರು?

ಅಯಸ್ಕಾಂತದ ಉಪಚಾರ ಸಾಮಾನ್ಯವಾಗಿ ಒಣ ಬೀಜಕ್ಕೆ. ಭೂಮಿಯ ಕಾಂತಕ್ಷೇತ್ರ ನಮ್ಮಲ್ಲಿ ಸುಮಾರು 40 ಮೈಕ್ರೋಟೆಸ್ಲಾ. ಪ್ರಯೋಗಾಲಯಗಳಲ್ಲಿ ಬಳಸುವುದು ಹೆಚ್ಚಾಗಿ ಅದರ ಸಾವಿರಾರು ಪಟ್ಟು. ಬೀಜ ನೀರೆಳೆಯುವ ವೇಗ, ಪಿಷ್ಟ ಕರಗಿಸುವ ಕಿಣ್ವದ ಚುರುಕು ಹೆಚ್ಚಿದ್ದು ಕೆಲವು ಬೆಳೆಗಳಲ್ಲಿ ಕಂಡಿದೆ. ಆದರೆ ಒಂದಕ್ಕೆ ಒಗ್ಗಿದ ಪ್ರಮಾಣ ಇನ್ನೊಂದಕ್ಕೆ ಒಗ್ಗುವುದಿಲ್ಲ. ಇನ್ನು ಮೈಕ್ರೋವೇವ್ ಓವನ್ನಿನಲ್ಲಿ ಇಟ್ಟು ನೋಡುವ ಯೋಚನೆ ಇದ್ದರೆ ಬಿಟ್ಟುಬಿಡಿ, ಬೀಜ ಬೆಂದೇ ಹೋಗುತ್ತದೆ.

ಕೊಡಗಿನಲ್ಲಿ ಬೀಜ ಕೆಡಿಸುವುದು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಬರುವಾಗ, ಕಾಗದದ ಪೊಟ್ಟಣದಲ್ಲಿಟ್ಟ ಬೀಜ ತೇವ ಎಳೆದುಕೊಳ್ಳದೆ ಇರುತ್ತದೆಯೇ? ಬೀಜದ ತೇವ ಶೇ. 1ರಷ್ಟು ಇಳಿದರೆ ಅದರ ಆಯಸ್ಸು ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಬೀಜತಜ್ಞರ ಹಳೆಯ ಲೆಕ್ಕ. ಏರಿದರೆ ಅದೇ ಲೆಕ್ಕದಲ್ಲಿ ಅರ್ಧಕ್ಕಿಳಿಯುತ್ತದೆ. ಮಳೆ ಹಿಡಿಯುವ ಮೊದಲೇ ನೆರಳಿನಲ್ಲಿ ಚೆನ್ನಾಗಿ ಆರಿಸಿ, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ.

ಈಗ ಕೈಯಲ್ಲಿರುವ ಬೀಜದಲ್ಲಿ ಇಪ್ಪತ್ತು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಕೊತ್ತಂಬರಿಯಾದರೆ ಮೊದಲು ಚಪ್ಪಲಿಯಡಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿಕೊಳ್ಳಿ. ನಾವು ಬೀಜವೆನ್ನುವುದು ನಿಜದಲ್ಲಿ ಕಾಯಿ, ಹೋಳಿಗೊಂದು ಬೀಜ. ನಮ್ಮ ಅಜ್ಜಿಯಂದಿರ ಈ ಉಜ್ಜುವಿಕೆ, ರಾತ್ರಿಯಿಡೀ ನೆನೆಸುವುದು, ಎರಡೂ ಸೇರಿದರೆ ಹಿತ್ತಲಿನ ಮಟ್ಟಿಗೆ ಅಲ್ಟ್ರಾಸೌಂಡ್ ಮಾಡುವ ಕೆಲಸ ಬಹುಪಾಲು ಆದಂತೆಯೇ. ಎರಡು ವಾರ ಕಳೆದು ಬಟ್ಟೆ ಬಿಚ್ಚಿದಾಗಲೂ ಬಿಳಿ ಬೇರು ಅಲ್ಲೊಂದು ಇಲ್ಲೊಂದು ಮಾತ್ರ ಕಂಡರೆ ಹೊಸ ಬೀಜ ತನ್ನಿ. ಪಾರ್ಸ್ಲಿಯದು ಮಾತ್ರ ನಿಧಾನದ ಸ್ವಭಾವ. ಮೂರು ವಾರ ತುಂಬುವವರೆಗೆ ಮಣ್ಣು ಕೆದಕಿ ನೋಡಬೇಡಿ.