ಲಕೋಟೆ ಹಿಡಿದು ಹಿಂದೆ ಉಳಿಯುವವರು

ಭಾನುವಾರ ಆರಾಧನೆ ಮುಗಿದು ಎಲ್ಲರೂ ಚಪ್ಪಲಿ ಹುಡುಕುತ್ತಿರುವಾಗ ಒಬ್ಬರು ಮಾತ್ರ ಬೆಂಚಿನ ಹತ್ತಿರವೇ ಉಳಿಯುತ್ತಾರೆ. ಕಿಸೆಯಲ್ಲಿ ಲಕೋಟೆ ಇರುತ್ತದೆ. ಹುಬ್ಬಳ್ಳಿ, ಗದಗ ಕಡೆಯ ಸಭೆಗಳಲ್ಲಿ ಇಷ್ಟು ವರ್ಷ ಪಾಸ್ಟರ್ ಆಗಿ, ಆ ಲಕೋಟೆ ಹೊರಗೆ ಬರುವ ಮೊದಲೇ ನನಗೆ ಗೊತ್ತಾಗಿಬಿಡುತ್ತದೆ.

ಬೆಟಗೇರಿ ಕಡೆಯ ಹಿರಿಯರೊಬ್ಬರು ಹೀಗೇ ನಿಂತಿದ್ದರು. (ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿ ಬರೆಯುತ್ತಿದ್ದೇನೆ.) "ಅಯ್ಯನವರ, ಐದು ಸಾವಿರ ಐತ್ರಿ. ಕಾಣಿಕಿ ಅಂತ ಬರಕೋರಿ. ಒಂದ್ ಪ್ರಾರ್ಥನಿ ಮಾಡ್ರಿ, ರಾತ್ರಿ ನಿದ್ದಿ ಹತ್ತವಲ್ದು" ಅಂದರು. ಕೂರಿಸಿ ಚಹಾ ಕೊಟ್ಟು ಕೇಳಿದೆ. ಅಪ್ಪನ ಜಾಗ ಮಾರಿದ ದುಡ್ಡಿನಲ್ಲಿ ತಮ್ಮನ ಪಾಲು ಎರಡು ಲಕ್ಷ ಇವರ ಹತ್ತಿರವೇ ಉಳಿದಿತ್ತು. ತಮ್ಮ ಮಾತು ಬಿಟ್ಟು ಒಂಬತ್ತು ವರ್ಷ ಆಗಿತ್ತು.

ಬೈಬಲ್‌ನ ಯಾಜಕಕಾಂಡ 6ನೇ ಅಧ್ಯಾಯ ತೆಗೆದು ಅವರ ಮುಂದಿಟ್ಟೆ. ಮೋಸದಿಂದ ತೆಗೆದುಕೊಂಡದ್ದನ್ನು ಪೂರ್ತಿ ವಾಪಸ್ ಕೊಡಬೇಕು, ಅದರ ಮೇಲೆ ಐದನೇ ಒಂದು ಭಾಗ ಸೇರಿಸಬೇಕು, ಯಾರದ್ದೋ ಅವರಿಗೇ ಕೊಡಬೇಕು. ದೇವರಿಗೆ ಟಗರು ಯಜ್ಞ ಕೊಡುವ ಮಾತು ಬರುವುದು ಆಮೇಲೆ. "ನಿಮ್ಮ ಲೆಕ್ಕ ಎರಡು ಲಕ್ಷ ನಲವತ್ತು ಸಾವಿರ ಆಗ್ತದ" ಅಂದೆ. ಅವರು ನಕ್ಕೇಬಿಟ್ಟರು. "ಇಷ್ಟು ಲೆಕ್ಕ ಬೈಬಲ್‌ನಾಗ ಐತೇನ್ರಿ?"

ಐತ್ರಿ.

ಇಲ್ಲಿಂದಲೇ ಇನ್ನೊಂದು ತಪ್ಪು ಹುಟ್ಟುತ್ತದೆ. "ಅಂದ್ರ ಇಷ್ಟು ಕೊಟ್ರ ಕ್ಷಮಾ ಸಿಗ್ತದ, ಹೌದಲ್ರಿ?" ಅಲ್ಲ. ಎಷ್ಟು ಸಲ ಹೇಳಿದರೂ ಇದೊಂದು ತಲೆಗೆ ಹೋಗುವುದಿಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಬೈಬಲ್ ಓದಿದ್ದೇವೆ, ಆದರೂ ಯಜ್ಞ ಅಂದ ಕೂಡಲೇ ನಮಗೆ ಹರಕೆಯೇ ನೆನಪಾಗುತ್ತದೆ. ನಾನು ಇಷ್ಟು ಕೊಡುತ್ತೇನೆ, ನೀನು ಅಷ್ಟು ಮಾಡು. ಅದೇ ಯಾಜಕಕಾಂಡದ 17ನೇ ಅಧ್ಯಾಯದಲ್ಲಿ ದೇವರು ಹೇಳುವುದು ಬೇರೆ: ಪ್ರಾಣ ರಕ್ತದಲ್ಲಿದೆ, ಆ ರಕ್ತವನ್ನು ಯಜ್ಞವೇದಿಯ ಮೇಲೆ ನಿಮಗೋಸ್ಕರ ನಾನೇ ಕೊಟ್ಟಿದ್ದೇನೆ. ಕೊಟ್ಟವರು ಯಾರು, ನೋಡಿ. ನಾವಲ್ಲ.

ಒಡಂಬಡಿಕೆಯೂ, ಅಂದರೆ ದೇವರು ಮನುಷ್ಯರ ಜೊತೆ ಮಾಡಿಕೊಂಡ ಒಪ್ಪಂದವೂ, ಹಾಗೇ. ನಾವು ಅದನ್ನು ಬಾಂಡ್ ಪೇಪರ್ ಅಂದುಕೊಂಡಿದ್ದೇವೆ, ಇಬ್ಬರ ಸಹಿ, ಇಬ್ಬರು ಸಾಕ್ಷಿ. ಆದಿಕಾಂಡ 15ರಲ್ಲಿ ದೇವರು ಅಬ್ರಾಮನಿಗೆ (ಮುಂದೆ ಅಬ್ರಹಾಮ ಅನ್ನಿಸಿಕೊಂಡವನು) ಮಾತು ಕೊಡುವಾಗ, ಅವನು ಕಡಸು, ಆಡು, ಟಗರು ಮೂರನ್ನೂ ಸೀಳಿ ಎದುರುಬದುರು ಇಡುತ್ತಾನೆ. ಮಾತು ತಪ್ಪಿದರೆ ನನಗೂ ಇದೇ ಗತಿ ಆಗಲಿ ಅಂತ ಆ ಹೋಳುಗಳ ನಡುವೆ ನಡೆಯುವುದು ಆ ಕಾಲದ ಪದ್ಧತಿ. ಆದರೆ ಅಬ್ರಾಮನಿಗೆ ಗಾಢ ನಿದ್ದೆ ಬಂದಿದೆ. ದೇವರ ಗುರುತಾದ ಹೊಗೆಯಾಡುವ ಒಲೆ, ಉರಿಯುವ ಪಂಜು ಮಾತ್ರ ನಡುವೆ ಹಾದುಹೋಗುತ್ತವೆ. ಸಹಿ ಒಂದೇ ಕಡೆಯದು! ಯೇಸು ಕೊನೆಯ ಊಟದಲ್ಲಿ ಪಾತ್ರೆ ಎತ್ತಿ, ಇದು ಪಾಪಗಳ ಕ್ಷಮೆಗಾಗಿ ಸುರಿಸುವ ಒಡಂಬಡಿಕೆಯ ರಕ್ತ ಅಂದಾಗಲೂ ಶಿಷ್ಯರಿಂದ ಏನೂ ಕೇಳಲಿಲ್ಲ, ತೆಗೆದುಕೊಂಡು ಕುಡಿಯಿರಿ ಅಂದರು ಅಷ್ಟೇ. ಶಿಲುಬೆಯ ಮೇಲೆ ಯೇಸುವಿನ ಆ ಸಾವು ನಮ್ಮ ಪಾಪವನ್ನು ಹೇಗೆ ತೀರಿಸಿತು ಅನ್ನುವುದಕ್ಕೆ ಸಭೆಯಲ್ಲಿ ಹಿಂದಿನಿಂದಲೂ ಒಂದಕ್ಕಿಂತ ಜಾಸ್ತಿ ವಿವರಣೆ ಇವೆ, ನಾನು ಒಂದನ್ನೇ ಹಿಡಿದು ಜಗಳ ಆಡುವವನಲ್ಲ.

ಹಾಗಾದರೆ ತಮ್ಮನ ದುಡ್ಡು? ಬೈಬಲ್‌ನಲ್ಲಿ ಬರುವ ಸುಂಕದವರ ಮುಖ್ಯಸ್ಥ ಜಕ್ಕಾಯನನ್ನು ನೋಡಿ. ಯೇಸು ಮೊದಲು ಅವನ ಮನೆಗೆ ಬರುತ್ತೇನೆ ಅಂದರು. ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂತ ಅವನು ಎದ್ದು ನಿಂತದ್ದು ಆಮೇಲೆ. ಕ್ಷಮೆ ಸಿಕ್ಕವನ ಕೈ ತಾನಾಗಿ ಕಿಸೆಗೆ ಹೋಗುತ್ತದೆ. ಹೋಗದಿದ್ದರೆ ಅವನಿಗೆ ಏನು ಸಿಕ್ಕಿದೆಯೋ ನನಗೆ ಅನುಮಾನ.

ಒಂದು ಎಚ್ಚರಿಕೆ. ಇದನ್ನೆಲ್ಲ ಮೋಸ ಮಾಡಿದವರಿಗೆ ಹೇಳುತ್ತಿದ್ದೇನೆ. ಗಂಡನ ಕೈಯಲ್ಲಿ ಹೊಡೆತ ತಿಂದು ಬಂದ ಹೆಣ್ಣುಮಗಳಿಗೆ "ಕ್ಷಮಿಸಿ ವಾಪಸ್ ಹೋಗವ್ವಾ" ಅನ್ನುವುದಕ್ಕೆ ಇದರಲ್ಲಿ ಆಧಾರ ಹುಡುಕಬೇಡಿ. ಪಾಲಿನ ಕಾಗದಪತ್ರಕ್ಕೆ ವಕೀಲರ ಹತ್ತಿರ ಹೋಗಿ, ನನ್ನ ಹತ್ತಿರ ಬೇಡ.

ಹಿರಿಯರು ಅವತ್ತು ಲಕೋಟೆ ವಾಪಸ್ ತೆಗೆದುಕೊಂಡು ಹೋದರು, ಸಿಟ್ಟಿನಲ್ಲೇ. ಎರಡು ವಾರ ಬಿಟ್ಟು ಫೋನ್ ಬಂತು.

"ತಮ್ಮ ಫೋನ್ ಎತ್ತವಲ್ಲರಿ. ಹಾವೇರಿಗೆ ನಾನೇ ಹೋಗ್ಲೇನ್ರಿ?"

"ಹೋಗ್ರಿ. ಮೊದಲನೇ ದಿನ ರೊಕ್ಕ ಒಯ್ಯಬ್ಯಾಡ್ರಿ" ಅಂದೆ.