ಸಣ್ಣ ಸಂಘಗಳ ಅನುದಾನದ ಅರ್ಜಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ?

ಸಮಾಜಕಾರ್ಯ ಓದುವಾಗ ಪ್ರಸ್ತಾವನೆ ಬರೆಯೋದನ್ನು ಚೆನ್ನಾಗಿ ಕಲಿಸುತ್ತಾರೆ. ಗುರಿ, ಫಲಾನುಭವಿಗಳು, ಬಜೆಟ್, ಎಲ್ಲ ಇರುತ್ತದೆ. ಆದರೆ ಆ ಪ್ರಸ್ತಾವನೆಯ ಮೊದಲ ಪುಟ ಓದುವ ಮುಂಚೆಯೇ ದಾನಿಗಳು ಒಂದು ಪಟ್ಟಿ ಹಿಡಿದು ಕೂರುತ್ತಾರೆ: ಸಂಘದ ನೋಂದಣಿ, ಆದಾಯ ತೆರಿಗೆ ಇಲಾಖೆಯ 12ಎ ಮತ್ತು 80ಜಿ, ಕಂಪನಿಗಳ ಹಣ ಪಡೆಯಲು ಬೇಕಾದ ಸಿಎಸ್‌ಆರ್-1, ಆಡಿಟ್ ವರದಿ. ಈ ಟಿಪ್ಪಣಿ ಆ ಪಟ್ಟಿಯ ಬಗ್ಗೆ. ನನ್ನ ಓದಿನಲ್ಲಿ ಕಂಡದ್ದು ಇಷ್ಟು: ಇದರಲ್ಲಿ ಬಹುಪಾಲು ದಿನಾಂಕಗಳ ಲೆಕ್ಕ. ಕೆಲಸ ಎಷ್ಟೇ ಚೆನ್ನಾಗಿರಲಿ, ದಿನಾಂಕ ತಪ್ಪಿದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಾವೇರಿ ಕಡೆಯ ಒಂದು ಹಳ್ಳಿಯಲ್ಲಿ ಏಳು ಜನ ಸೇರಿ ಮಕ್ಕಳ ಗ್ರಂಥಾಲಯಕ್ಕಾಗಿ ಸಂಘ ಕಟ್ಟುತ್ತಾರೆ ಅಂದುಕೊಳ್ಳಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಗೆ ಕನಿಷ್ಠ ಏಳು ಜನ ಬೇಕು, ಅದಕ್ಕೇ ಈ ಏಳು. ಜಿಲ್ಲಾ ಸಂಘಗಳ ನೋಂದಣಾಧಿಕಾರಿಯ ಕಚೇರಿಯಿಂದ ಪತ್ರ ಬರುತ್ತದೆ, ಫ್ರೇಮ್ ಹಾಕಿಸಿ ಗೋಡೆಗೆ ಹೊಡೆಯುತ್ತಾರೆ. ಆಮೇಲೆ ಆ ಕಚೇರಿ ಕಡೆ ತಲೆ ಹಾಕೋದೇ ಇಲ್ಲ. ಆದರೆ ಪ್ರತಿ ವರ್ಷ ಮಹಾಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರವನ್ನು ಅಲ್ಲಿಗೆ ಸಲ್ಲಿಸಲೇಬೇಕು. ನಾಲ್ಕೈದು ವರ್ಷ ಬಿಟ್ಟರೆ ಕಚೇರಿಯ ದಾಖಲೆಯಲ್ಲಿ ಒಬ್ಬರು ಕಾರ್ಯದರ್ಶಿ, ಬ್ಯಾಂಕಿನಲ್ಲಿ ಇನ್ನೊಬ್ಬರು, ಲೆಟರ್‌ಹೆಡ್‌ನಲ್ಲಿ ಮತ್ತೊಬ್ಬರು ಇರುತ್ತಾರೆ. ದಾನಿ ಕೇಳುವ ಮೊದಲ ಕಾಗದವೇ ಈಗಿನ ಮಂಡಳಿಯ ದೃಢೀಕೃತ ಪಟ್ಟಿ. ಅಲ್ಲಿಗೆ ಕಥೆ ಮುಗೀತು ಅಲ್ವಾ?

ಆದಾಯ ತೆರಿಗೆಯ ಭಾಗ

12ಎ ಮತ್ತು 80ಜಿ ಒಂದೇ ಅಂತ ಅನೇಕರು ತಿಳಿದಿರುತ್ತಾರೆ. 12ಎ ಇದ್ದರೆ ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ. 80ಜಿ ಇದ್ದರೆ ಹಣ ಕೊಟ್ಟವರಿಗೆ ತೆರಿಗೆಯಲ್ಲಿ ಕಡಿತ. ಎರಡಕ್ಕೂ ಬೇರೆ ಬೇರೆ ಅರ್ಜಿ. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಕಲಂ ಸಂಖ್ಯೆಗಳು ಬದಲು. ಆದರೂ ಜನರ ಬಾಯಲ್ಲಿ ಹಳೆಯ ಹೆಸರುಗಳೇ ಇರುವುದರಿಂದ ನಾನೂ ಅವನ್ನೇ ಬಳಸುತ್ತಿದ್ದೇನೆ.

2021ಕ್ಕೆ ಮೊದಲು 12ಎ ಒಮ್ಮೆ ಸಿಕ್ಕರೆ ಮುಗಿಯಿತು, ಅದನ್ನು ರದ್ದು ಮಾಡುವವರೆಗೂ ನಡೆಯುತ್ತಿತ್ತು. 2021ರ ಏಪ್ರಿಲ್‌ನಿಂದ ಆಟ ಬದಲಾಯಿತು. ಹೊಸ ಸಂಸ್ಥೆಗೆ ಮೊದಲು ಸಿಗೋದು 3 ವರ್ಷದ ತಾತ್ಕಾಲಿಕ ನೋಂದಣಿ. ಅದನ್ನು ಕಾಯಂ ನೋಂದಣಿಯಾಗಿ ಬದಲಿಸಲು ಯಾವಾಗ ಅರ್ಜಿ ಹಾಕಬೇಕು? ಅವಧಿ ಮುಗಿಯುವ 6 ತಿಂಗಳು ಮುಂಚೆ, ಇಲ್ಲವೇ ಕೆಲಸ ಶುರುವಾದ 6 ತಿಂಗಳೊಳಗೆ, ಎರಡರಲ್ಲಿ ಯಾವುದು ಮೊದಲೋ ಅದು. ಈ ಕೊನೆಯ ಮಾತಿಗೆ ಅಡಿಗೆರೆ ಹಾಕಿ. ನಮ್ಮ ಗ್ರಂಥಾಲಯ ಸಂಘದವರು ಪತ್ರದ ಮೇಲೆ 3 ವರ್ಷ ಅಂತ ನೋಡಿ ಸುಮ್ನೆ ಕೂತರೆ, ಗ್ರಂಥಾಲಯ ತೆರೆದ ಆರೇ ತಿಂಗಳಿಗೆ ಅವರ ಗಡುವು ದಾಟಿ ಹೋಗಿರುತ್ತದೆ. ಕಾಯಂ ಎಂದರೂ ಅದು 5 ವರ್ಷಕ್ಕೆ ಮಾತ್ರ. ಆದಾಯ 5 ಕೋಟಿ ಮೀರದ ಸಂಸ್ಥೆಗಳ 12ಎ ನೋಂದಣಿಗೆ 2025ರ ಹಣಕಾಸು ಕಾಯ್ದೆ 10 ವರ್ಷ ಕೊಟ್ಟಿತು. ಸಣ್ಣವರಿಗೆ ಬಂದ ಒಳ್ಳೆಯ ಸುದ್ದಿಗಳಲ್ಲಿ ಇದೊಂದು.

ಇನ್ನೊಂದು ತೊಡಕು ಬೈಲಾದಲ್ಲೇ, ಅಂದರೆ ಸಂಘದ ಉದ್ದೇಶ ಮತ್ತು ನಿಯಮಗಳ ಪತ್ರದಲ್ಲೇ, ಅಡಗಿರುತ್ತದೆ. ನಮ್ಮಲ್ಲಿ ಜಾತಿ ಸಂಘಗಳು, ಅವುಗಳ ವಿದ್ಯಾರ್ಥಿನಿಲಯಗಳು ಬಹಳ. ಎಷ್ಟೋ ತಲೆಮಾರಿನ ಓದು ಅಲ್ಲೇ ಆಗಿದೆ. ಆದರೆ ಉದ್ದೇಶದಲ್ಲಿ ‘ನಮ್ಮ ಸಮಾಜದ ಮಕ್ಕಳಿಗೆ ಮಾತ್ರ’ ಎಂದು ಬರೆದರೆ ತೆರಿಗೆ ವಿನಾಯಿತಿಗೆ ಕುತ್ತು. ಒಂದು ನಿರ್ದಿಷ್ಟ ಧರ್ಮ ಅಥವಾ ಜಾತಿಯ ಹಿತಕ್ಕಾಗಿ ಕಟ್ಟಿದ ಧರ್ಮಾರ್ಥ ಸಂಸ್ಥೆಗೆ ಕಾನೂನು ಆ ವಿನಾಯಿತಿ ಕೊಡುವುದಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆಯರು ಮತ್ತು ಮಕ್ಕಳಿಗಾಗಿ ಇರುವ ಸಂಸ್ಥೆಗಳನ್ನು ಹೀಗೆ ಎಣಿಸುವುದಿಲ್ಲ. ಹಾಗಾಗಿ ಬೈಲಾ ಬರೆಯುವ ದಿನವೇ ಒಂದೊಂದು ಸಾಲನ್ನೂ ತೂಗಿ ನೋಡಬೇಕು. ಸಂಘ ಮುಚ್ಚಿದರೆ ಆಸ್ತಿ ಯಾರಿಗೆ ಎಂಬ ಸಾಲೂ ಅಷ್ಟೇ ಮುಖ್ಯ. ಅದು ಸದಸ್ಯರಿಗೆ ಹಂಚಿಹೋಗಬಾರದು, ಇಂಥದೇ ಉದ್ದೇಶದ ಬೇರೆ ಸಂಸ್ಥೆಗೆ ಸೇರಬೇಕು.

ಕಂಪನಿಯ ಹಣ

2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಇದಕ್ಕೇ ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ಅನ್ನೋದು. ಬೆಂಗಳೂರಿನ ಕಂಪನಿಗಳ ಬಾಗಿಲು ತಟ್ಟುವ ಎಲ್ಲರಿಗೂ ಇದು ಗೊತ್ತು. 2021ರ ಏಪ್ರಿಲ್‌ನಿಂದ ಆ ಹಣ ಪಡೆಯುವ ಸಂಸ್ಥೆ ಸಿಎಸ್‌ಆರ್-1 ಫಾರಂ ತುಂಬಿ ನೋಂದಣಿ ಸಂಖ್ಯೆ ಪಡೆಯಬೇಕು. ಕಂಪನಿಯೇ ಅಥವಾ ಸರ್ಕಾರವೇ ಕಟ್ಟಿದ ಸಂಸ್ಥೆಗಳನ್ನು ಬಿಟ್ಟರೆ, ಉಳಿದವರು ಅದೇ ಬಗೆಯ ಕೆಲಸವನ್ನು ಕನಿಷ್ಠ 3 ವರ್ಷ ಮಾಡಿರಬೇಕು. ಹೊಸಬರಿಗೆ ಇಲ್ಲೇ ಬಿಕ್ಕಟ್ಟು. ದುಡ್ಡಿಲ್ಲದೆ ಕೆಲಸ ತೋರಿಸೋದು ಹೇಗೆ, ಕೆಲಸ ತೋರಿಸದೆ ದುಡ್ಡು ಸಿಗೋದು ಹೇಗೆ? ಊರಿನವರ ಸಣ್ಣ ದೇಣಿಗೆಯಲ್ಲಿ ಮೊದಲ ವರ್ಷಗಳನ್ನು ದಾಟಬೇಕು. ಐನೂರು ರೂಪಾಯಿಗೂ ರಸೀದಿ, ಐದು ಸಾವಿರದ ಖರ್ಚಿಗೂ ವೋಚರ್ ಇಟ್ಟರೆ ಅದೇ ಮುಂದೆ 3 ವರ್ಷದ ಸಾಕ್ಷಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಆಡಳಿತ ವೆಚ್ಚ ಶೇ. 5 ಮೀರಬಾರದು ಎಂಬ ನಿಯಮ ಕಂಪನಿಯ ಸಿಎಸ್‌ಆರ್ ವಿಭಾಗದ ಸಾಮಾನ್ಯ ಖರ್ಚಿಗೆ ಸಂಬಂಧಿಸಿದ್ದು. ಯೋಜನೆ ನಡೆಸುವ ನೇರ ಖರ್ಚಿಗೆ ಆ ಮಿತಿ ಇಲ್ಲ. ಆದರೂ ಗ್ರಂಥಪಾಲಕಿಯ ಸಂಬಳವನ್ನು ‘ಆಡಳಿತ’ ಎಂದು ಬಜೆಟ್‌ನಲ್ಲಿ ಬರೆದು, ಅದನ್ನು ಶೇ. 5ಕ್ಕೆ ಇಳಿಸಲು ಒದ್ದಾಡುವವರಿದ್ದಾರೆ. ಅದು ಯೋಜನೆಯ ಖರ್ಚು. ಹಾಗೇ ಬರೆಯಿರಿ, ಕೇಳಿದರೆ ನಿಯಮ ತೋರಿಸಿ.

ಹೊರದೇಶದ ಹಣ

ಅಮೆರಿಕದ ಕನ್ನಡ ಸಂಘವೊಂದು ಊರಿನ ಶಾಲೆಗೆ ಹಣ ಕಳಿಸುತ್ತೇವೆ ಅಂದರೆ ಖುಷಿಯಾಗುತ್ತದೆ. ಸ್ವಲ್ಪ ತಡೆಯಿರಿ. ಆ ಸಂಘ ಅಲ್ಲಿಯ ಸಂಸ್ಥೆ, ಅದರ ಹಣ ವಿದೇಶಿ ವಂತಿಗೆ. ಎಫ್‌ಸಿಆರ್‌ಎ, ಅಂದರೆ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅದನ್ನು ಮುಟ್ಟುವಂತಿಲ್ಲ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ಕನ್ನಡಿಗರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ವಂತಿಗೆ ಅಲ್ಲ. ಅವರದೇ ಊರಿನ ಗೆಳೆಯನೊಬ್ಬ ಅಮೆರಿಕದ ಪೌರತ್ವ ಪಡೆದಿದ್ದರೆ, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಅವನದು ವಿದೇಶಿ ಹಣವೇ. ಒಂದೇ ಊರಿನವರು, ಒಂದೇ ಶಾಲೆಗೆ ಕೊಡುವವರು, ಆದರೂ ಪಾಸ್‌ಪೋರ್ಟ್ ನೋಡಿ ನಿಯಮ ಬೇರೆ. ದೇಣಿಗೆ ಕೇಳುವ ಮುಂಚೆ ಇದನ್ನು ವಿಚಾರಿಸಲು ಸಂಕೋಚ ಬೇಡ.

ಎಫ್‌ಸಿಆರ್‌ಎ ನೋಂದಣಿಗೆ ಸಾಮಾನ್ಯವಾಗಿ ಸಂಸ್ಥೆಗೆ 3 ವರ್ಷ ಆಗಿರಬೇಕು, ಹಿಂದಿನ 3 ಹಣಕಾಸು ವರ್ಷಗಳಲ್ಲಿ ಒಟ್ಟು 15 ಲಕ್ಷ ರೂ. ಮುಖ್ಯ ಚಟುವಟಿಕೆಗೆ ಖರ್ಚಾಗಿರಬೇಕು. 2020ರ ತಿದ್ದುಪಡಿ ಇನ್ನಷ್ಟು ಬಿಗಿ ಮಾಡಿತು. ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ಆಡಳಿತ ವೆಚ್ಚದ ಮಿತಿ ಶೇ. 50ರಿಂದ 20ಕ್ಕೆ ಇಳಿಯಿತು. ಎಲ್ಲಕ್ಕಿಂತ ದೊಡ್ಡ ಪೆಟ್ಟು ಬೇರೆ: ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಮೊದಲು ನಗರದ ದೊಡ್ಡ ಸಂಸ್ಥೆ ತಾನು ಪಡೆದ ಹಣದಲ್ಲಿ, ಎಫ್‌ಸಿಆರ್‌ಎ ನೋಂದಣಿ ಇದ್ದ ಹಳ್ಳಿ ಸಂಘಗಳಿಗೂ ಪಾಲು ಕೊಡಬಹುದಿತ್ತು. ಆ ದಾರಿ ಮುಚ್ಚಿತು. ಲೆಕ್ಕ ಬಿಗಿಯಾಗಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಈ ಒಂದು ನಿಯಮದ ಭಾರ ಬಿದ್ದಿದ್ದು ತಪ್ಪು ಮಾಡಿದವರಿಗಿಂತ ಸಣ್ಣವರ ಮೇಲೆ ಜಾಸ್ತಿ.

ಸರ್ಕಾರದ ಅನುದಾನ

ಕೇಂದ್ರದ ಇಲಾಖೆಗಳಿಗೆ ಅರ್ಜಿ ಹಾಕಲು ನೀತಿ ಆಯೋಗದ ಎನ್‌ಜಿಒ ದರ್ಪಣ್ ಜಾಲತಾಣದಲ್ಲಿ ಹೆಸರು ನೋಂದಾಯಿಸಿ ಪಡೆಯುವ ಸಂಖ್ಯೆ ಬೇಕು. ಇದು ಸುಲಭ. ಹಣ ಬಂದ ಮೇಲಿನದ್ದು ಕಷ್ಟ. ಹಣಕಾಸು ವರ್ಷ ಮುಗಿದ 12 ತಿಂಗಳೊಳಗೆ, ಹಣ ಕೊಟ್ಟ ಉದ್ದೇಶಕ್ಕೇ ಖರ್ಚಾಗಿದೆ ಎಂಬ ಬಳಕೆ ಪ್ರಮಾಣಪತ್ರ ಕೊಡಬೇಕು. ಅನುದಾನ ಖಾತೆಯಲ್ಲಿ ಕೂತು ಬಡ್ಡಿ ಬೆಳೆದರೆ ಆ ಬಡ್ಡಿಯೂ ಸಂಘದ್ದಲ್ಲ, ಲೆಕ್ಕ ಅಂತಿಮವಾದ ಕೂಡಲೇ ಸರ್ಕಾರಕ್ಕೆ ಮರಳಿಸಬೇಕು. ಎಲ್ಲ ಹಣವನ್ನೂ ಒಂದೇ ಉಳಿತಾಯ ಖಾತೆಯಲ್ಲಿ ಇಟ್ಟರೆ ಯಾವ ಬಡ್ಡಿ ಯಾವ ಹಣದ್ದು ಅಂತ ಬಿಡಿಸೋದೇ ತಲೆನೋವು. ಅನುದಾನ ಮಂಜೂರಾದ ವಾರವೇ ಬೇರೆ ಖಾತೆ ತೆರೆಯಿರಿ.