ಎರಡು ವರ್ಷದ ಹಿಂಸೆ, ನೂರು ವರ್ಷದ ಒಡಕು: ಉತ್ತರ ಆಫ್ರಿಕಾದ ಕ್ರೈಸ್ತ ಸಭೆ ಎರಡಾದ ಬಗೆ

ರೋಮ್ ಸಾಮ್ರಾಜ್ಯವು ಕ್ರೈಸ್ತರ ಮೇಲೆ ನಡೆಸಿದ ಕೊನೆಯ ದೊಡ್ಡ ಹಿಂಸೆ ಉತ್ತರ ಆಫ್ರಿಕಾದಲ್ಲಿ ತೀವ್ರವಾಗಿದ್ದುದು 303ರಿಂದ 305ರವರೆಗೆ, ಸುಮಾರು ಎರಡು ವರ್ಷ. ಆ ಅವಧಿಯಲ್ಲಿ ಯಾರು ಗಟ್ಟಿಯಾಗಿ ನಿಂತರು, ಯಾರು ಬಗ್ಗಿದರು ಎಂಬ ವಿವಾದದಿಂದ ಅಲ್ಲಿನ ಸಭೆ ಎರಡಾಯಿತು, ಮತ್ತು ಆ ಒಡಕು ನೂರು ವರ್ಷ ಕಳೆದರೂ ಕೂಡಿಕೊಳ್ಳಲಿಲ್ಲ. ಇಂದಿನ ಟ್ಯುನೀಷಿಯಾ ಮತ್ತು ಅಲ್ಜೀರಿಯಾದ ನೂರಾರು ಊರುಗಳಲ್ಲಿ ಇಬ್ಬಿಬ್ಬರು ಬಿಷಪ್ಪರು, ಎರಡೆರಡು ದೇವಾಲಯಗಳು ಎದುರುಬದುರಾಗಿ ನಿಂತವು. ಎರಡೂ ಕಡೆ ಓದುತ್ತಿದ್ದುದು ಅದೇ ಬೈಬಲ್, ಹೇಳುತ್ತಿದ್ದುದು ಅದೇ ಪ್ರಾರ್ಥನೆ, ನೆನೆಯುತ್ತಿದ್ದುದು ಬಹುಮಟ್ಟಿಗೆ ಅದೇ ರಕ್ತಸಾಕ್ಷಿಗಳನ್ನು, ಅಂದರೆ ನಂಬಿಕೆಗಾಗಿ ಪ್ರಾಣ ಕೊಟ್ಟವರನ್ನು. ಹೊರಗಿನ ಹಿಂಸೆಯನ್ನು ತಾಳಿಕೊಂಡ ಸಭೆ ಅದರ ನೆನಪನ್ನು ತಾಳಿಕೊಳ್ಳಲಾರದೆ ಹೋದದ್ದು ಹೇಗೆಂದು ತಿಳಿಯಬೇಕಾದರೆ ಇನ್ನೂ ಅರ್ಧ ಶತಮಾನ ಹಿಂದಕ್ಕೆ ಹೋಗಬೇಕು.

249ರ ಕೊನೆಯಲ್ಲಿ ಚಕ್ರವರ್ತಿ ಡೇಷಿಯಸ್ ಸಾಮ್ರಾಜ್ಯದ ಪ್ರಜೆಗಳೆಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಬೇಕೆಂದೂ, ಅರ್ಪಿಸಿದ್ದಕ್ಕೆ ಅಧಿಕಾರಿಗಳಿಂದ ಪತ್ರ ಪಡೆಯಬೇಕೆಂದೂ ಆಜ್ಞೆ ಹೊರಡಿಸಿದನು. ಅಂಥ ಪತ್ರಗಳಲ್ಲಿ ಕೆಲವು ಈಜಿಪ್ಟಿನ ಮರಳಿನಲ್ಲಿ ಕೆಡದೆ ಉಳಿದು ನಮ್ಮ ಕಾಲಕ್ಕೆ ಸಿಕ್ಕಿವೆ. 250ರ ಜೂನ್ ತಿಂಗಳ ಒಂದು ಪತ್ರದಲ್ಲಿ ಅರ್ಜಿದಾರನ ವಯಸ್ಸು 72 ಎಂದೂ, ಬಲ ಹುಬ್ಬಿನ ಮೇಲೆ ಗಾಯದ ಕಲೆ ಇದೆಯೆಂದೂ ಗುರುತು ಬರೆದಿದೆ. ತಾನು ಎಂದೂ ದೇವತೆಗಳಿಗೆ ಬಲಿ ಕೊಡುತ್ತಲೇ ಬಂದವನು, ಈಗಲೂ ನಿಮ್ಮೆದುರಿಗೇ ಬಲಿ ಕೊಟ್ಟು, ಪಾನ ಎರೆದು, ನೈವೇದ್ಯ ತಿಂದಿದ್ದೇನೆ, ದಯವಿಟ್ಟು ರುಜು ಹಾಕಿಕೊಡಿ ಎಂದು ಅವನು ಕೇಳಿಕೊಂಡಿದ್ದಾನೆ. ಈ ಮುದುಕ ಕ್ರೈಸ್ತನೇ ಆಗಿದ್ದನೆಂದು ಹೇಳಲು ಆಧಾರವಿಲ್ಲ, ಏಕೆಂದರೆ ಪತ್ರ ಎಲ್ಲರಿಗೂ ಬೇಕಾಗಿತ್ತು. ಆದರೆ ಸಾವಿರಾರು ಕ್ರೈಸ್ತರ ಮುಂದೆ ಬಂದು ನಿಂತದ್ದು ಇಂಥದೇ ಒಂದು ಹಾಳೆ. ಕೆಲವರು ಬಲಿ ಕೊಟ್ಟರು. ಕೆಲವರು ಬಲಿ ಕೊಡದೆ ಲಂಚ ಕೊಟ್ಟು ಪತ್ರ ಮಾತ್ರ ಪಡೆದರು. ಕೆಲವರು ಸೆರೆಮನೆ ಸೇರಿದರು. ರೋಮಿನ ಬಿಷಪ್ ಫೇಬಿಯನ್ 250ರ ಜನವರಿಯಲ್ಲಿ ಪ್ರಾಣ ಕೊಟ್ಟರು. ಇಂದಿನ ಟ್ಯುನೀಷಿಯಾದಲ್ಲಿದ್ದ ಕಾರ್ಥೇಜ್ ನಗರದ ಬಿಷಪ್ ಸಿಪ್ರಿಯನ್ ಊರು ಬಿಟ್ಟು ಅಡಗಿಕೊಂಡು, ಅಲ್ಲಿಂದಲೇ ಪತ್ರ ಬರೆದು ಸಭೆಯನ್ನು ನಡೆಸಿದರು.

ಒಂದೂವರೆ ವರ್ಷದೊಳಗೆ ಬಿಗಿ ಸಡಿಲಿತು, ಬಲಿ ಕೊಟ್ಟೋ ಪತ್ರ ಪಡೆದೋ ಬಿದ್ದವರು ಗುಂಪುಗುಂಪಾಗಿ ದೇವಾಲಯದ ಬಾಗಿಲಿಗೆ ಮರಳಿದರು. ಅವರನ್ನು ಸೇರಿಸಿಕೊಳ್ಳುವುದೋ ಬಿಡುವುದೋ ಎಂಬ ಪ್ರಶ್ನೆಗೆ ಸಭೆಯ ಬಳಿ ಸಿದ್ಧ ಉತ್ತರ ಇರಲಿಲ್ಲ. ಸೆರೆಮನೆಯಲ್ಲಿ ಚಿತ್ರಹಿಂಸೆ ಅನುಭವಿಸಿ ಬಂದವರು ತಮ್ಮ ಸಂಕಟದ ಬಲದ ಮೇಲೆ ಕ್ಷಮಾಪತ್ರಗಳನ್ನು ಕೊಡಲಾರಂಭಿಸಿದರು. 'ಇಂಥವನನ್ನು ಅವನ ಕಡೆಯವರೊಂದಿಗೆ ಸೇರಿಸಿಕೊಳ್ಳಿ' ಎಂದು ಹೆಸರು, ಲೆಕ್ಕ ಏನೂ ಇಲ್ಲದೆ ಬರೆದ ಪತ್ರಗಳೂ ಇದ್ದವು. ಅವನ ಕಡೆಯವರೆಂದರೆ ಇಪ್ಪತ್ತು ಮಂದಿಯೋ ಮೂವತ್ತು ಮಂದಿಯೋ ಎಂದು ಸಿಪ್ರಿಯನ್ ಬೇಸರಪಟ್ಟಿದ್ದಾರೆ. ಅವರ ಸ್ಥಿತಿ ಸುಲಭದ್ದಾಗಿರಲಿಲ್ಲ. ಹಿಂಸೆಯ ಹೊತ್ತಿನಲ್ಲಿ ಊರು ಬಿಟ್ಟಿದ್ದ ಬಿಷಪ್, ಊರಲ್ಲೇ ನಿಂತು ಏಟು ತಿಂದವರಿಗೆ ಶಿಸ್ತು ಹೇಳಬೇಕಾಗಿತ್ತು. 251ರಲ್ಲಿ ಕಾರ್ಥೇಜಿನಲ್ಲಿ ಕೂಡಿದ ಬಿಷಪ್ಪರು ನಡುದಾರಿ ಹಿಡಿದರು: ಪತ್ರ ಮಾತ್ರ ಪಡೆದವರನ್ನು ಒಬ್ಬೊಬ್ಬರಾಗಿ ವಿಚಾರಿಸಿ ಸೇರಿಸಿಕೊಳ್ಳುವುದು, ಬಲಿ ಕೊಟ್ಟವರಿಗೆ ದೀರ್ಘ ಪ್ರಾಯಶ್ಚಿತ್ತದ ನಂತರ ಮರಣಶಯ್ಯೆಯಲ್ಲಿ ಶಾಂತಿ, ಅಂದರೆ ಸಭೆಯ ಕ್ಷಮೆ, ನೀಡುವುದು. ಇನ್ನೊಂದು ಹಿಂಸೆ ಬರುವಂತೆ ಕಂಡಾಗ, ಆಯುಧವಿಲ್ಲದೆ ಯಾರನ್ನೂ ಯುದ್ಧಕ್ಕೆ ಕಳಿಸಲಾಗದೆಂದು ಹೇಳಿ, ಪಶ್ಚಾತ್ತಾಪದಲ್ಲಿದ್ದ ಎಲ್ಲರಿಗೂ ಪರಮಪ್ರಸಾದದ, ಅಂದರೆ ಆರಾಧನೆಯಲ್ಲಿ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರದ, ಬಾಗಿಲು ತೆರೆದರು.

ಈ ಕರುಣೆಯನ್ನು ಒಪ್ಪದ ನೊವೇಷಿಯನ್ ಎಂಬ ಪಂಡಿತ ಗುರು ರೋಮಿನಲ್ಲಿ ಹೊಸದಾಗಿ ಆಯ್ಕೆಯಾಗಿದ್ದ ಬಿಷಪ್ ಕೊರ್ನೇಲಿಯಸರಿಗೆ ಎದುರಾಗಿ ತಾನೇ ಬಿಷಪ್ ಆದನು. ಆ ಪಂಗಡದಲ್ಲಿ ದೀಕ್ಷಾಸ್ನಾನ (ನೀರಿನಿಂದ ಸಭೆಗೆ ಸೇರಿಸಿಕೊಳ್ಳುವ ಸಂಸ್ಕಾರ) ಪಡೆದವರು ಮುಂದೆ ಮೂಲ ಸಭೆಗೆ ಬಂದರೆ ಏನು ಮಾಡಬೇಕು? ಸಭೆಯ ಹೊರಗೆ ಪವಿತ್ರಾತ್ಮನಿಲ್ಲ, ಆದ್ದರಿಂದ ಅಲ್ಲಿ ನಡೆದದ್ದು ದೀಕ್ಷಾಸ್ನಾನವೇ ಅಲ್ಲ, ಹೊಸದಾಗಿ ಕೊಡಬೇಕು ಎಂದರು ಸಿಪ್ರಿಯನ್. ಕೈಯಿಟ್ಟು ಪ್ರಾರ್ಥಿಸಿ ಸೇರಿಸಿಕೊಂಡರೆ ಸಾಕು, ರೋಮಿನ ರೂಢಿ ಅದೇ ಎಂದರು ಪೋಪ್ ಸ್ತೆಫನ್. ಮಾತು ಬಿರುಸಾಗಿ, ಸಂಬಂಧ ಕಡಿಯುವವರೆಗೂ ಹೋಯಿತು. 256ರ ಸೆಪ್ಟೆಂಬರ್ 1ರಂದು ಕಾರ್ಥೇಜಿನಲ್ಲಿ ಸೇರಿದ ಆಫ್ರಿಕಾದ 87 ಬಿಷಪ್ಪರು ಒಬ್ಬರ ನಂತರ ಒಬ್ಬರು ಸಿಪ್ರಿಯನ್ನರ ಪಕ್ಷಕ್ಕೇ ಅಭಿಪ್ರಾಯ ಕೊಟ್ಟರು. ಅಂದು ಸಭೆಯನ್ನು ಆರಂಭಿಸುತ್ತ ಸಿಪ್ರಿಯನ್ ಆಡಿದ ಮಾತು ಈ ಇಡೀ ಇತಿಹಾಸದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುತ್ತದೆ: ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯ ಹೇಳಲಿ, ಬೇರೆ ಅಭಿಪ್ರಾಯವುಳ್ಳವರು ಎಂಬ ಕಾರಣಕ್ಕೆ ನಾವು ಯಾರನ್ನೂ ತೀರ್ಪಿಗೆ ಗುರಿಪಡಿಸುವುದಿಲ್ಲ, ಅನ್ಯೋನ್ಯತೆಯಿಂದ ಹೊರಗಿಡುವುದೂ ಇಲ್ಲ. ತಾವು ಹಿಡಿದದ್ದೇ ಸರಿಯೆಂದು ಪೂರ್ತಿ ನಂಬಿದ್ದವರು ಆಡಿದ ಮಾತಿದು. ವಾದ ಇತ್ಯರ್ಥವಾಗಲಿಲ್ಲ. 257ರಲ್ಲಿ ಸ್ತೆಫನ್ ತೀರಿಕೊಂಡರು. 258ರ ಸೆಪ್ಟೆಂಬರ್ 14ರಂದು, ಚಕ್ರವರ್ತಿ ವಲೇರಿಯನ್ನನ ಕಾಲದ ಹಿಂಸೆಯಲ್ಲಿ, ಈ ಬಾರಿ ಊರು ಬಿಡದ ಸಿಪ್ರಿಯನ್ ಮರಣದಂಡನೆಯ ತೀರ್ಪು ಕೇಳಿ 'ದೇವರಿಗೆ ಸ್ತೋತ್ರ' ಎಂದು ಹೇಳಿ, ತಲೆ ಕಡಿಯುವವನಿಗೆ 25 ಚಿನ್ನದ ನಾಣ್ಯ ಕೊಡಿಸಿ, ಕತ್ತಿಗೆ ಕೊರಳೊಡ್ಡಿದರು. ಮುಂದೆ ಒಡೆದುಹೋದ ಎರಡು ಪಕ್ಷಗಳೂ ಅವರನ್ನು ತಮ್ಮವರೆಂದೇ ಹೇಳಿಕೊಂಡವು: ಒಂದಕ್ಕೆ ಅವರ ಮರು ದೀಕ್ಷಾಸ್ನಾನದ ಬೋಧನೆ ಬೇಕಾಗಿತ್ತು, ಇನ್ನೊಂದಕ್ಕೆ ಅವರ ಐಕ್ಯದ ಬೋಧನೆ.

260ರಿಂದ ನಾಲ್ಕು ದಶಕಗಳ ನೆಮ್ಮದಿಯ ನಂತರ, 303ರ ಫೆಬ್ರವರಿಯಲ್ಲಿ ಡಯೊಕ್ಲೇಷಿಯನ್ನನ ಆಜ್ಞೆ ಬಂತು. ದೇವಾಲಯಗಳನ್ನು ಕೆಡವಬೇಕು, ಪವಿತ್ರ ಗ್ರಂಥಗಳನ್ನು ವಶಪಡಿಸಿಕೊಂಡು ಸುಡಬೇಕು. ಈ ಆಜ್ಞೆ ಊರಿನ ಮಟ್ಟದಲ್ಲಿ ಜಾರಿಯಾದ ಬಗೆಯನ್ನು ಕಣ್ಣೆದುರಿಗೆ ತರುವ ಒಂದು ಪುರಸಭೆಯ ದಾಖಲೆ ಉಳಿದಿದೆ. 303ರ ಮೇ 19ರಂದು ನ್ಯುಮಿಡಿಯ ಪ್ರಾಂತದ ಸಿರ್ಟಾ ನಗರದಲ್ಲಿ, ಇಂದಿನ ಅಲ್ಜೀರಿಯಾದ ಕಾನ್‌ಸ್ಟಂಟೈನ್‌ನಲ್ಲಿ, ಪುರಸಭೆಯ ಮುಖ್ಯಾಧಿಕಾರಿ ಮುನೇಷಿಯಸ್ ಫೆಲಿಕ್ಸ್ ಕ್ರೈಸ್ತರು ಕೂಡುತ್ತಿದ್ದ ಮನೆಗೆ ಬಂದು ಗುಮಾಸ್ತರಿಂದ ಪಟ್ಟಿ ಬರೆಸಿದನು: ಚಿನ್ನದ ಪಾತ್ರೆ ಎರಡು, ಬೆಳ್ಳಿಯ ಪಾತ್ರೆ ಆರು, ಬೆಳ್ಳಿ ದೀಪ ಏಳು, ಸರಪಳಿಯಿರುವ ಕಂಚಿನ ದೀಪ ಹನ್ನೊಂದು, ಹೆಂಗಸರ ಅಂಗಿ 82, ಮೇಲುಮುಸುಕು 38, ಗಂಡಸರ ಅಂಗಿ 16, ಗಂಡಸರ ಪಾದರಕ್ಷೆ 13 ಜೊತೆ, ಹೆಂಗಸರದು 47 ಜೊತೆ. ಬಟ್ಟೆಬರೆಯ ಲೆಕ್ಕವನ್ನು ನೋಡಿದರೆ ಅವು ಬಡವರಿಗೆ ಹಂಚಲು ಕೂಡಿಟ್ಟವು ಎಂದೇ ತೋರುತ್ತದೆ. ಪುಸ್ತಕಗಳು ಎಲ್ಲಿ ಎಂದು ಕೇಳಿದಾಗ, ಅವು ಓದುಗರ, ಅಂದರೆ ಆರಾಧನೆಯಲ್ಲಿ ಗ್ರಂಥ ಓದುವ ಸಭಾಸೇವಕರ, ಮನೆಗಳಲ್ಲಿವೆ ಎಂಬ ಉತ್ತರ ಬಂತು. ಓದುಗರು ಯಾರೆಂದು ಕೇಳಿದಾಗ ಇಬ್ಬರು ಉಪಸೇವಕರು (ಸಬ್‌ಡೀಕನ್ ಪದವಿಯವರು), 'ನಾವು ಹಿಡಿದುಕೊಡುವವರಲ್ಲ, ಬೇಕಿದ್ದರೆ ನಮ್ಮನ್ನು ಕೊಲ್ಲಿಸಿ' ಎಂದರು. ಆದರೂ ಸಂಜೆಯೊಳಗೆ ಮನೆ ಮನೆ ಸುತ್ತಿದ ಅಧಿಕಾರಿಗಳ ಕೈಗೆ ಡಜನ್‌ಗಟ್ಟಲೆ ಗ್ರಂಥಗಳು ಬಂದವು. ಸಿಲ್ವಾನಸ್ ಎಂಬ ಇನ್ನೊಬ್ಬ ಉಪಸೇವಕ, ಹಂಡೆಯ ಹಿಂದೆ ಸಿಕ್ಕಿತೆಂದು ಹೇಳಿ ಬೆಳ್ಳಿಯ ಪೆಟ್ಟಿಗೆಯನ್ನೂ ಬೆಳ್ಳಿ ದೀಪವನ್ನೂ ತಂದೊಪ್ಪಿಸಿದನು. ಈ ಸಿಲ್ವಾನಸ್ ಮತ್ತೆ ಬರುತ್ತಾನೆ.

ಇದಕ್ಕೆ ಎದುರಾಗಿ ಅಬಿಟಿನೆ ಎಂಬ ಊರಿನ 49 ವಿಶ್ವಾಸಿಗಳಿದ್ದರು. ಅವರ ಬಿಷಪ್ ಗ್ರಂಥಗಳನ್ನು ಒಪ್ಪಿಸಿಬಿಟ್ಟಿದ್ದರೂ ಅವರು ಮನೆಯೊಂದರಲ್ಲಿ ಆರಾಧನೆ ಮುಂದುವರಿಸಿದರು. 304ರಲ್ಲಿ ಕಾರ್ಥೇಜಿಗೆ ಎಳೆತಂದು ವಿಚಾರಿಸಿದಾಗ, ಪ್ರಭುವಿನ ದಿನದ ಆರಾಧನೆಯಿಲ್ಲದೆ ನಾವಿರಲಾರೆವು ಎಂದು ಉತ್ತರಿಸಿದರು. ಕಾರ್ಥೇಜಿನ ಬಿಷಪ್ ಮೆನ್ಸೂರಿಯಸ್ ಬೇರೆ ಬಗೆಯವರು. ಪವಿತ್ರ ಗ್ರಂಥಗಳನ್ನು ಮರೆಮಾಡಿ, ಪಾಷಂಡಿಗಳ ಪುಸ್ತಕಗಳನ್ನು ದೇವಾಲಯದಲ್ಲಿಟ್ಟು ಅಧಿಕಾರಿಗಳು ಒಯ್ಯಲು ಬಿಟ್ಟರು. ತಾವಾಗಿ ಹೋಗಿ ಸೆರೆಯಾಗುವವರನ್ನು ರಕ್ತಸಾಕ್ಷಿಗಳೆಂದು ಗೌರವಿಸಬಾರದೆಂದೂ ಹೇಳಿದರು. ಸೆರೆಯಲ್ಲಿದ್ದವರಿಗೆ ಊಟ ತಲುಪದಂತೆ ಮೆನ್ಸೂರಿಯಸ್ ಮತ್ತು ಅವರ ಸಭಾಸೇವಕ (ಡೀಕನ್) ಸಿಸಿಲಿಯನ್ ತಡೆದರೆಂಬ ಆರೋಪ ಹರಡಿತು. ಅದನ್ನು ದಾಖಲಿಸಿದ್ದು ಎದುರು ಪಕ್ಷವೇ, ಆದ್ದರಿಂದ ಎಚ್ಚರದಿಂದ ಓದಬೇಕು. ಜನ ಅದನ್ನು ನಂಬಿದರೆಂಬುದು ಮಾತ್ರ ನಿಜ.

ಮೆನ್ಸೂರಿಯಸ್ ತೀರಿಕೊಂಡ ಮೇಲೆ, ಸುಮಾರು 311ರಲ್ಲಿ, ಅದೇ ಸಿಸಿಲಿಯನ್ ಕಾರ್ಥೇಜಿನ ಬಿಷಪ್ಪರಾದರು. ನ್ಯುಮಿಡಿಯದ ಬಿಷಪ್ಪರು ಬರುವ ಮೊದಲೇ ತರಾತುರಿಯಲ್ಲಿ ಅಭಿಷೇಕ ಮುಗಿದಿತ್ತು, ಮತ್ತು ಅಭಿಷೇಕ ಮಾಡಿದವರಲ್ಲಿ ಒಬ್ಬರಾದ ಆಪ್ಟುಂಗಾದ ಫೆಲಿಕ್ಸ್ ಗ್ರಂಥಗಳನ್ನು ಒಪ್ಪಿಸಿದವರೆಂಬ ದೂರಿತ್ತು. ಅಂಥ ಕೈಯಿಂದ ಬಂದ ಅಭಿಷೇಕ ಅಭಿಷೇಕವೇ ಅಲ್ಲವೆಂದು ತೀರ್ಮಾನಿಸಿ ನ್ಯುಮಿಡಿಯದ ಎಪ್ಪತ್ತು ಬಿಷಪ್ಪರು ಮಯೋರಿನಸ್ ಎಂಬವರನ್ನು ನೇಮಿಸಿದರು. ಮಯೋರಿನಸ್ ಇದ್ದುದು ಲೂಸಿಲ್ಲಾ ಎಂಬ ಸಿರಿವಂತ ಮಹಿಳೆಯ ಆಶ್ರಯದಲ್ಲಿ. ಪರಮಪ್ರಸಾದಕ್ಕೆ ಮೊದಲು ರಕ್ತಸಾಕ್ಷಿಯದೆನ್ನಲಾದ ಎಲುಬಿಗೆ ಮುತ್ತಿಡುತ್ತಿದ್ದ ಆಕೆಯನ್ನು ಹಿಂದೊಮ್ಮೆ ಸಿಸಿಲಿಯನ್ ಗದರಿದ್ದರು. ಮಯೋರಿನಸರ ನಂತರ ಬಂದ ಡೊನಾಟಸ್ ನಾಲ್ಕು ದಶಕ ಮುಂದಾಳಾಗಿದ್ದರು, ಪಂಗಡಕ್ಕೆ ಅವರ ಹೆಸರೇ ನಿಂತಿತು.

ಚಕ್ರವರ್ತಿ ಕಾನ್‌ಸ್ಟಂಟೈನ್ 313ರಲ್ಲಿ ಸಿಸಿಲಿಯನ್ನರ ಕಡೆಯ ಗುರುಗಳಿಗೆ ಹಣವನ್ನೂ ಸರ್ಕಾರಿ ಸೇವೆಗಳಿಂದ ವಿನಾಯಿತಿಯನ್ನೂ ಕೊಟ್ಟಾಗ, ಯಾರ ಸಭೆ ನಿಜವಾದದ್ದು ಎಂಬುದು ಖಜಾನೆಯ ಪ್ರಶ್ನೆಯೂ ಆಯಿತು. ಡೊನಾಟಸ್ ಪಕ್ಷದವರೇ ಚಕ್ರವರ್ತಿಯ ನ್ಯಾಯ ಕೇಳಿದರು. 313ರಲ್ಲಿ ರೋಮಿನಲ್ಲಿ, 314ರಲ್ಲಿ ಇಂದಿನ ಫ್ರಾನ್ಸಿನ ಆರ್ಲ್‌ನಲ್ಲಿ ಕೂಡಿದ ಬಿಷಪ್ಪರು ಸಿಸಿಲಿಯನ್ನರ ಪರವಾಗಿ ತೀರ್ಪಿತ್ತರು. ಸರ್ಕಾರಿ ವಿಚಾರಣೆಯಲ್ಲಿ ಫೆಲಿಕ್ಸರ ವಿರುದ್ಧದ ಪತ್ರದ ಒಂದು ಭಾಗ ಸುಳ್ಳಾಗಿ ಸೇರಿಸಿದ್ದೆಂದು ಬಯಲಾಯಿತು. 320ರಲ್ಲಿ ಇನ್ನೊಂದು ವಿಚಾರಣೆ ನಡೆದಾಗ ಸಿರ್ಟಾದ ಹಳೆಯ ಪಟ್ಟಿಯನ್ನು ಗಟ್ಟಿಯಾಗಿ ಓದಿಸಲಾಯಿತು. ಬೆಳ್ಳಿ ದೀಪ ತಂದೊಪ್ಪಿಸಿದ್ದ ಸಿಲ್ವಾನಸ್ ಅಷ್ಟರಲ್ಲಿ ಡೊನಾಟಸ್ ಪಕ್ಷದ ಸಿರ್ಟಾದ ಬಿಷಪ್ ಆಗಿದ್ದನು, ಮಯೋರಿನಸರ ಅಭಿಷೇಕದಲ್ಲೂ ಪಾಲ್ಗೊಂಡಿದ್ದನು. ಶುದ್ಧರ ಸಭೆಯೆಂದು ಹೇಳಿಕೊಂಡವರೊಳಗೂ ಅಶುದ್ಧರಿದ್ದರೆಂದು ಇದರಿಂದ ಸಾಬೀತಾಯಿತು, ಆದರೆ ಒಬ್ಬರ ಮನಸ್ಸೂ ಬದಲಾದಂತೆ ಕಾಣುವುದಿಲ್ಲ.

ಅದಕ್ಕೆ ಕಾರಣವಿತ್ತು. 317ರಿಂದ 321ರವರೆಗೆ ಸರ್ಕಾರ ಡೊನಾಟಸ್ ಪಕ್ಷದವರ ದೇವಾಲಯಗಳನ್ನು ಬಲದಿಂದ ಕಿತ್ತುಕೊಂಡಿತು, ರಕ್ತ ಹರಿಯಿತು. ಕ್ರೈಸ್ತ ಚಕ್ರವರ್ತಿಯ ಸೈನಿಕರು ಕ್ರೈಸ್ತರನ್ನು ಕೊಂದ ಮೇಲೆ, ನಮ್ಮದೇ ರಕ್ತಸಾಕ್ಷಿಗಳ ಸಭೆ ಎಂಬ ಅವರ ನಂಬಿಕೆ ಕಲ್ಲಿನಂತೆ ಗಟ್ಟಿಯಾಯಿತು. 347ರಲ್ಲಿ ಪೌಲ್ ಮತ್ತು ಮಕಾರಿಯಸ್ ಎಂಬ ಅರಸು ಪ್ರತಿನಿಧಿಗಳು ಐಕ್ಯದ ಹೆಸರಿನಲ್ಲಿ ದಾನ ಹಂಚಲು ಬಂದಾಗ ಡೊನಾಟಸ್, ಸಭೆಗೂ ಚಕ್ರವರ್ತಿಗೂ ಏನು ಸಂಬಂಧ ಎಂದು ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದು, ಅದನ್ನು ಅವರ ಪಕ್ಷ 313ರಲ್ಲೇ ಕೇಳಿಕೊಳ್ಳಬೇಕಿತ್ತು. ದಾನದ ನಂತರ ಬಂದದ್ದು ಸೈನ್ಯ. ಡೊನಾಟಸ್ ಗಡೀಪಾರಿನಲ್ಲೇ ತೀರಿಕೊಂಡರು.

ಇಂದಿನ ಅಲ್ಜೀರಿಯಾದಲ್ಲಿದ್ದ ಹಿಪ್ಪೊ ನಗರದ, ಸಿಸಿಲಿಯನ್ನರ ಪಕ್ಷದ ಬಿಷಪ್ಪರಾದ ಅಗಸ್ಟೀನರು ಈ ವಿಷಯಕ್ಕೆ ಕೈಹಾಕಿದಾಗ ಒಡಕಿಗೆ ಮೂರು ತಲೆಮಾರಿನ ವಯಸ್ಸು. ದೀಕ್ಷಾಸ್ನಾನ ಕೊಡುವವನು ಕ್ರಿಸ್ತನೇ, ಗುರುವಿನ ಪಾಪದಿಂದ ಅದು ಕೆಡುವುದಿಲ್ಲ, ಬೆಳೆಯೂ ಕಳೆಯೂ ಸುಗ್ಗಿಯವರೆಗೆ ಒಂದೇ ಹೊಲದಲ್ಲಿರುತ್ತವೆ ಎಂದು ಅವರು ವಾದಿಸಿದರು. ದೀಕ್ಷಾಸ್ನಾನದ ಬಗ್ಗೆ ಸಿಪ್ರಿಯನ್ನರ ಅಭಿಪ್ರಾಯವನ್ನು ತಿದ್ದುತ್ತಲೇ, ಭಿನ್ನಾಭಿಪ್ರಾಯವಿದ್ದರೂ ಬೇರೆಯಾಗದ ಅವರ ನಡೆಯನ್ನು ಎತ್ತಿ ತೋರಿಸಿದರು. ಮೊದಲು ಬಲಪ್ರಯೋಗ ಬೇಡವೆಂದಿದ್ದ ಅಗಸ್ಟೀನರು, ಅರಸು ಶಾಸನಗಳ ಭಯದಿಂದ ಊರಿಗೆ ಊರೇ ಮರಳಿದ್ದನ್ನು ಕಂಡು ಮನಸ್ಸು ಬದಲಿಸಿದರು; ಸುಮಾರು 408ರಲ್ಲಿ ಬರೆದ ಪತ್ರದಲ್ಲಿ ಅದನ್ನು ಬಿಚ್ಚಿ ಹೇಳಿದ್ದಾರೆ. ಎದುರಾಳಿಗಳಿಗೆ ಮರಣದಂಡನೆ ಬೇಡವೆಂದು ಅಧಿಕಾರಿಗಳನ್ನು ಬೇಡಿಕೊಂಡವರೂ ಅವರೇ. ಆದರೂ ಆ ಪತ್ರ ಮುಂದಿನ ಶತಮಾನಗಳಲ್ಲಿ ಧರ್ಮದ ಹೆಸರಿನ ಬಲಾತ್ಕಾರಕ್ಕೆ ಆಧಾರವಾಯಿತೆಂಬುದನ್ನು ಅವರ ಮೇಲಿನ ಪ್ರೀತಿಯಿಂದ ಮರೆಮಾಚಬಾರದು.

411ರ ಜೂನ್‌ನಲ್ಲಿ ಕಾರ್ಥೇಜಿನ ಸ್ನಾನಗೃಹವೊಂದರ ಸಭಾಂಗಣದಲ್ಲಿ ಎರಡೂ ಕಡೆಯ ಬಿಷಪ್ಪರು, ತಲಾ ಸುಮಾರು 280 ಮಂದಿ, ಅರಸು ಪ್ರತಿನಿಧಿ ಮಾರ್ಸೆಲ್ಲಿನಸ್‌ನ ಮುಂದೆ ಎದುರಾದರು. ಡೊನಾಟಸ್ ಪಕ್ಷದವರು ದುಷ್ಟರ ಜೊತೆ ಕೂರುವುದಿಲ್ಲವೆಂಬ ಕೀರ್ತನೆಯ ಮಾತನ್ನು ಹಿಡಿದು ನಿಂತೇ ಇದ್ದರು. ಮಾರ್ಸೆಲ್ಲಿನಸ್ ಕೂಡ ಅವರ ಗೌರವಾರ್ಥ ನಿಂತನು. ಸಭೆಗೆ ಮೊದಲೇ ಅಗಸ್ಟೀನರ ಕಡೆಯವರು, ನೀವು ಗೆದ್ದರೆ ನಾವು ಪೀಠ ಬಿಡುತ್ತೇವೆ, ನಾವು ಗೆದ್ದರೆ ಪೀಠವನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇವೆ ಎಂದು ಬರೆದುಕೊಟ್ಟಿದ್ದರು. ನಿಜವಾದ ಐಕ್ಯದ ಬೀಜ ಆ ಮಾತಿನಲ್ಲಿತ್ತು. ಆದರೆ ಅಗಸ್ಟೀನರ ಕಡೆಯವರ ಪರವಾಗಿ ಬಂದ ತೀರ್ಪಿನ ಹಿಂದೆಯೇ 412ರ ಜನವರಿಯಲ್ಲಿ ಡೊನಾಟಸ್ ಪಕ್ಷದಲ್ಲಿ ಉಳಿಯುವವರಿಗೆ ಅಂತಸ್ತಿಗೆ ತಕ್ಕ ದಂಡ ವಿಧಿಸುವ ಶಾಸನ ಬಂತು. 430ರಲ್ಲಿ ವಾಂಡಲರೆಂಬ ಜರ್ಮಾನಿಕ್ ಜನಾಂಗದವರು ಹಿಪ್ಪೊವನ್ನು ಮುತ್ತಿದ್ದಾಗ ಅಗಸ್ಟೀನರು ತೀರಿಕೊಂಡರು. 439ರಲ್ಲಿ ಕಾರ್ಥೇಜ್ ಬಿತ್ತು. ಹೊಸ ಒಡೆಯರ ಕೆಳಗೆ ಅಗಸ್ಟೀನರ ಸಭೆಯೇ ಹಿಂಸೆಗೊಳಗಾಯಿತು. ಆರನೆಯ ಶತಮಾನದ ಕೊನೆಯಲ್ಲಿ ಪೋಪ್ ಗ್ರೆಗರಿ ಬರೆದ ಪತ್ರಗಳಲ್ಲೂ ಡೊನಾಟಸ್ ಪಂಗಡದ ಪ್ರಸ್ತಾಪವಿದೆ.

ಒಮ್ಮೆ ಸರಿಯಾಗಿ ಕೊಟ್ಟ ದೀಕ್ಷಾಸ್ನಾನವನ್ನು ಮತ್ತೆ ಕೊಡಬಾರದೆಂಬ ಆರ್ಲ್ ಸಭೆಯ ನಿರ್ಣಯ ಮಾತ್ರ ಬಹುಪಾಲು ಸಭೆಗಳಲ್ಲಿ ಇಂದಿಗೂ ಉಳಿದಿದೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಮತ್ತು ದಕ್ಷಿಣ ಭಾರತ ಸಂಯುಕ್ತ ಸಭೆಗಳು ಕೂಡಿ, ಕರ್ನಾಟಕದಲ್ಲೂ ನೆಲೆಯಿರುವ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ ಹುಟ್ಟಿದಾಗ, ಆ ಸಭೆಗಳ ಬೋಧಕರೆಲ್ಲರನ್ನೂ ಎರಡನೆಯ ಅಭಿಷೇಕವಿಲ್ಲದೆ ಒಪ್ಪಿಕೊಳ್ಳಲಾಯಿತು. ಯಾರ ಕೈಯಿಂದ ಬಂದ ಅಭಿಷೇಕ ಸಲ್ಲುತ್ತದೆ ಎಂಬ ಸಿಸಿಲಿಯನ್ನರ ಕಾಲದ ಪ್ರಶ್ನೆಯನ್ನೇ ಎತ್ತಿ ಅದನ್ನು ಒಪ್ಪದವರು ಇಂಗ್ಲೆಂಡಿನಲ್ಲಿದ್ದರು. ಇಂದು ಸಿ.ಎಸ್.ಐ. ಸಭೆಯಿಂದ ಕಥೊಲಿಕ ಸಭೆಗೆ ಬರುವವರಿಗೆ ಮತ್ತೆ ದೀಕ್ಷಾಸ್ನಾನ ಕೊಡುವುದಿಲ್ಲ. ಆದರೆ ಎರಡು ಸಭೆಗಳ ಗಂಡ ಹೆಂಡತಿ ಒಂದೇ ಪೀಠದ ಮುಂದೆ ಪರಮಪ್ರಸಾದ ಸ್ವೀಕರಿಸಲು ಸಾಮಾನ್ಯವಾಗಿ ಅನುಮತಿಯಿಲ್ಲ, ಮತ್ತು ಆ ಬಗ್ಗೆ ಸಭೆಗಳ ನಡುವಿನ ಮಾತುಕತೆ ಇನ್ನೂ ಮುಗಿದಿಲ್ಲ.